ಜಾವಾ ಉಚಿತವೇ? ನಮ್ಮ ಇನ್‌ಸ್ಟಾಲರ್‌ನೊಳಗಿರುವ ಜೆಡಿಕೆಯ ಪರವಾನಗಿ, ಅಪ್‌ಡೇಟ್ ಮತ್ತು ಬೆಂಬಲದ ಬಗ್ಗೆ

ಮಲಪ್ರಭಾ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದು 14 ಜನರ ಚಿಕ್ಕ ತಂಡ. ಪತ್ತಿನ ಸಹಕಾರ ಸಂಘಗಳಿಗೆ ಸದಸ್ಯರ ಖಾತೆ, ಸಾಲದ ಕಂತು, ಪಿಗ್ಮಿ ಸಂಗ್ರಹ ಮತ್ತು ಕನ್ನಡದ ರಸೀದಿಗಳನ್ನು ನಿರ್ವಹಿಸುವ ತಂತ್ರಾಂಶವನ್ನು 2013ರಿಂದ ಮಾರುತ್ತಾ ಬಂದಿದ್ದೇವೆ. ಕೌಂಟರ್‌ಗಳಲ್ಲಿ ಓಡುವ ಭಾಗ ಜಾವಾ ಸ್ವಿಂಗ್‌ನಲ್ಲಿದೆ, ಸರ್ವರ್ ಭಾಗವೂ ಜಾವಾದಲ್ಲೇ ಇದೆ. ಸಂಘದವರಿಗೆ ತೊಂದರೆಯಾಗದಿರಲಿ ಎಂದು ಇನ್‌ಸ್ಟಾಲರ್‌ನೊಳಗೇ ಜಾವಾವನ್ನೂ, ಅಂದರೆ ಜಾವಾ ಪ್ರೋಗ್ರಾಂ ಬರೆಯಲು, ಓಡಿಸಲು ಬೇಕಾದ ಜೆಡಿಕೆ ಎಂಬ ಕಟ್ಟನ್ನೂ, ಸೇರಿಸಿ ಕೊಡುವುದು ಮೊದಲಿನಿಂದಲೂ ನಮ್ಮ ರೂಢಿ.

ಈಗ ಸುಮಾರು 160 ನೌಕರರಿರುವ ಒಂದು ಒಕ್ಕೂಟ ನಮ್ಮ ತಂತ್ರಾಂಶವನ್ನು ಕೊಳ್ಳಲು ಮುಂದೆ ಬಂದಿದೆ. ಒಪ್ಪಂದಕ್ಕೆ ಮೊದಲು ಅವರ ಲೆಕ್ಕಪರಿಶೋಧಕರು ಒಂದು ಪ್ರಶ್ನಾವಳಿ ಕಳಿಸಿದ್ದಾರೆ. ತಂತ್ರಾಂಶದೊಳಗೆ ಬೇರೆಯವರ ಯಾವ ಯಾವ ಭಾಗಗಳಿವೆ, ಪ್ರತಿಯೊಂದರ ಪರವಾನಗಿ ಯಾವುದು, ಭದ್ರತಾ ಅಪ್‌ಡೇಟ್ ಎಲ್ಲಿಂದ ಬರುತ್ತದೆ, ಬೆಂಬಲ ಯಾರದು ಎಂದು ಅದರಲ್ಲಿ ಕೇಳಿದ್ದಾರೆ. ಜಾವಾದ ಸಾಲಿಗೆ ಬಂದಾಗ ನಮ್ಮ ಹಿರಿಯ ಪ್ರೋಗ್ರಾಮರ್ "ಜಾವಾ ಉಚಿತ, ಹಾಗೇ ಬರೆದುಬಿಡಿ" ಎಂದರು. ಎರಡು ವರ್ಷದ ಹಿಂದೆ ಸೇರಿದ ಹುಡುಗಿ "2019ರ ನಂತರ ಹಾಗಿಲ್ಲ ಸರ್" ಎಂದಳು. ಇಬ್ಬರಲ್ಲಿ ಯಾರ ಮಾತು ಸರಿ ಎಂದು ಹುಡುಕಲು ಕೂತವನಿಗೆ ಒಂದೊಂದು ಕಡೆ ಒಂದೊಂದು ಉತ್ತರ ಸಿಕ್ಕಿತು. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಹಳೆಯ ಕೋಡು

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಗೊಂದಲ ಹುಟ್ಟುವುದು "ಜಾವಾ" ಎಂಬ ಒಂದೇ ಹೆಸರಿನಿಂದ. ಪರವಾನಗಿ ಅಂಟಿಕೊಂಡಿರುವುದು ಭಾಷೆಗಲ್ಲ, ನೀವು ಯಾರಿಂದ, ಯಾವ ಆವೃತ್ತಿಯ, ಎಷ್ಟನೆಯ ಅಪ್‌ಡೇಟ್‌ನ ಬಿಲ್ಡ್ (ಮೂಲ ಸಂಕೇತದಿಂದ ಕಟ್ಟಿದ, ಓಡಿಸಲು ಸಿದ್ಧವಾದ ರೂಪ) ಇಳಿಸಿಕೊಂಡಿರಿ ಎಂಬುದಕ್ಕೆ. ಒಂದೇ ಕೋಣೆಯ ಎರಡು ಕಂಪ್ಯೂಟರ್‌ಗಳಲ್ಲಿ "ಜಾವಾ 8" ಇದ್ದು, ಒಂದಕ್ಕೆ ಹಣ ಕೊಡಬೇಕಾಗಿ ಇನ್ನೊಂದಕ್ಕೆ ಬೇಡವಾಗುವುದು ಸಾಧ್ಯ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಸನ್ ಮೈಕ್ರೋಸಿಸ್ಟಮ್ಸ್ 2006ರ ನವೆಂಬರ್‌ನಲ್ಲಿ ಜಾವಾದ ಮೂಲ ಸಂಕೇತವನ್ನು ಮುಕ್ತಗೊಳಿಸುವುದಾಗಿ ಸಾರಿತು, ಓಪನ್‌ಜೆಡಿಕೆ ಯೋಜನೆ ಹುಟ್ಟಿದ್ದು ಅಲ್ಲಿಂದ. ಅದರ ಪರವಾನಗಿ, ಹಂಚುವವರು ಮೂಲ ಸಂಕೇತವನ್ನೂ ಮುಕ್ತವಾಗಿಡಬೇಕೆನ್ನುವ ಜಿಪಿಎಲ್‌ನ ಎರಡನೇ ಆವೃತ್ತಿ, ಜೊತೆಗೆ ಕ್ಲಾಸ್‌ಪಾತ್ ವಿನಾಯಿತಿ. 2010ರ ಜನವರಿಯಲ್ಲಿ ಸನ್ ಕಂಪನಿ ಒರಾಕಲ್‌ನ ಪಾಲಾಯಿತು. ಓಪನ್‌ಜೆಡಿಕೆ ಮುಕ್ತವಾಗಿಯೇ ಉಳಿಯಿತು, ಅದರ ಪಕ್ಕದಲ್ಲಿ ಒರಾಕಲ್ ತನ್ನದೇ ಬಿಲ್ಡ್ ಅನ್ನು ಬಿಸಿಎಲ್ ಎಂಬ ಪರವಾನಗಿಯಲ್ಲಿ ಕೊಡುತ್ತಿತ್ತು. ಅದರಡಿ ಸಾಮಾನ್ಯ ಕಂಪ್ಯೂಟರ್ ಮತ್ತು ಸರ್ವರ್‌ಗಳಲ್ಲಿ ಹಣವಿಲ್ಲದೆ ಬಳಸಬಹುದಿತ್ತು. ನಮ್ಮ ತಲೆಮಾರಿನವರು "ಜಾವಾ ಉಚಿತ" ಎಂದು ಕಲಿತದ್ದು ಆ ಕಾಲದಲ್ಲಿ.

ಜಾವಾ 8ರ ಒರಾಕಲ್ ಬಿಲ್ಡ್‌ಗಳಲ್ಲಿ ಆ ಹಳೆಯ ಪರವಾನಗಿಯಡಿ ಬಂದ ಕೊನೆಯದು 2019ರ ಜನವರಿಯ ಅಪ್‌ಡೇಟ್ 202. ಅದೇ ವರ್ಷದ ಏಪ್ರಿಲ್‌ನ ಅಪ್‌ಡೇಟ್ 211ರಿಂದ ಓಟಿಎನ್ ಎಂಬ ಒರಾಕಲ್‌ನ ಹೊಸ ಪರವಾನಗಿ ಬಂತು. ವೈಯಕ್ತಿಕ ಬಳಕೆ, ತಂತ್ರಾಂಶ ಅಭಿವೃದ್ಧಿ, ಪರೀಕ್ಷೆ ಇವಕ್ಕೆ ಹಣವಿಲ್ಲ, ವ್ಯವಹಾರದ ನಿಜವಾದ ಬಳಕೆಗೆ ಚಂದಾ ಬೇಕು. 2018ರ ಸೆಪ್ಟೆಂಬರ್‌ನಲ್ಲಿ ಬಂದ ಒರಾಕಲ್‌ನ ಜಾವಾ 11 ಹುಟ್ಟಿನಿಂದಲೇ ಓಟಿಎನ್ ಅಡಿಯಲ್ಲಿದೆ. 2021ರ ಸೆಪ್ಟೆಂಬರ್‌ನ ಜಾವಾ 17ರೊಂದಿಗೆ ಎನ್‌ಎಫ್‌ಟಿಸಿ ಎಂಬ ಮೂರನೆಯ ಪರವಾನಗಿ ಬಂತು. ಇದರಲ್ಲಿ ವ್ಯವಹಾರದ ಬಳಕೆಯೂ ಉಚಿತ, ಆದರೆ ಅವಧಿಗೆ ಕಟ್ಟು: ಮುಂದಿನ ದೀರ್ಘಾವಧಿ (ವರ್ಷಗಟ್ಟಲೆ ಅಪ್‌ಡೇಟ್ ಪಡೆಯುವ) ಆವೃತ್ತಿ ಬಂದು ಒಂದು ವರ್ಷದವರೆಗೆ ಮಾತ್ರ. ಅಂಥ ಆವೃತ್ತಿಯಾದ ಜಾವಾ 21 ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ, ಆದ್ದರಿಂದ 17ರ ಉಚಿತ ಅಪ್‌ಡೇಟ್‌ಗಳು 17.0.12ಕ್ಕೆ ನಿಂತವು. 2024ರ ಅಕ್ಟೋಬರ್‌ನ 17.0.13 ಮತ್ತೆ ಓಟಿಎನ್‌ಗೆ ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ಅದರ ಮುಂದಿನದಾದ 25 ಬಂದಿರುವುದರಿಂದ 21ಕ್ಕೆ 2026ರ ಸೆಪ್ಟೆಂಬರ್‌ವರೆಗೆ ಸಮಯವಿದೆ. ಕಣ್ಣುಮುಚ್ಚಿ ಅಪ್‌ಡೇಟ್ ಒತ್ತುತ್ತಾ ಹೋದವರು ಯಾವ ತಿಂಗಳಲ್ಲಿ ಗೆರೆ ದಾಟಿದೆವು ಎಂಬುದನ್ನೇ ಗಮನಿಸಿರುವುದಿಲ್ಲ.

ಮೊದಲು ನಿಮ್ಮ ಎಲ್ಲ ಯಂತ್ರಗಳಲ್ಲಿ ನಿಜವಾಗಿ ಏನಿದೆ ಎಂದು ಪಟ್ಟಿ ಮಾಡಿ, ಆಮೇಲೆ ಪ್ರಶ್ನಾವಳಿ ಮುಟ್ಟಿ. ಕಮಾಂಡ್ ಪರದೆಯಲ್ಲಿ ಜಾವಾದ ಆವೃತ್ತಿ ಕೇಳಿದಾಗ ಉತ್ತರದ ಮೊದಲ ಪದವೇ ಹೆಚ್ಚಿನದನ್ನು ಹೇಳಿಬಿಡುತ್ತದೆ. ಅದು "ಓಪನ್‌ಜೆಡಿಕೆ" ಎಂದು ಶುರುವಾದರೆ ಮುಕ್ತ ಬಿಲ್ಡ್, ಬರಿ "ಜಾವಾ" ಎಂದು ಶುರುವಾದರೆ ಒರಾಕಲ್‌ನ ಸ್ವಂತ ಬಿಲ್ಡ್.

ಲೆಕ್ಕದ ಮೇಷ್ಟ್ರು

ಹಳೆಯ ಕೋಡು ಅವರು ಇತಿಹಾಸ ಹೇಳಿದರು, ನಾನು ಹಣದ ಬಾಬ್ತು ಹೇಳುತ್ತೇನೆ. ಒಕ್ಕೂಟದವರು ಈ ಪ್ರಶ್ನೆ ಕೇಳುತ್ತಿರುವುದಕ್ಕೆ ಕಾರಣ ಬಹುಶಃ ಇದೇ ಇರಬೇಕು.

2018ರಲ್ಲಿ ಬಂದ ಚಂದಾ ಪದ್ಧತಿಯಲ್ಲಿ ಬಳಸಿದಷ್ಟಕ್ಕೆ ಲೆಕ್ಕವಿತ್ತು: ಸರ್ವರ್‌ಗೆ ಪ್ರೊಸೆಸರ್ ಒಂದಕ್ಕೆ ತಿಂಗಳಿಗೆ 25 ಡಾಲರ್, ಡೆಸ್ಕ್‌ಟಾಪ್‌ನಲ್ಲಿ ಬಳಸುವವರೊಬ್ಬರಿಗೆ 2.50 ಡಾಲರ್. ಒಕ್ಕೂಟದಲ್ಲಿ ಎಂಟು ಕೋರ್‌ಗಳ ಒಂದು ಇಂಟೆಲ್ ಸರ್ವರ್ ಮತ್ತು 40 ಕೌಂಟರ್‌ಗಳು ಇವೆ ಎಂದಿಟ್ಟುಕೊಳ್ಳಿ. ಇಂಟೆಲ್‌ನ ಎರಡು ಕೋರ್ ಸೇರಿ ಒಂದು ಪ್ರೊಸೆಸರ್ ಎಂಬ ಎಣಿಕೆಯಂತೆ ಸರ್ವರ್‌ಗೆ ವರ್ಷಕ್ಕೆ 1,200 ಡಾಲರ್, ಕೌಂಟರ್‌ಗಳಿಗೆ ಇನ್ನೊಂದು 1,200 ಡಾಲರ್ ಆಗುತ್ತಿತ್ತು.

2023ರ ಜನವರಿಯಿಂದ ಹೊಸ ಚಂದಾ ಬಂತು, ಅದರ ಅಳತೆಗೋಲು ನೌಕರರ ಸಂಖ್ಯೆ. ಪ್ರಕಟಿತ ದರಪಟ್ಟಿಯಲ್ಲಿ 999 ನೌಕರರವರೆಗಿನ ಸಂಸ್ಥೆಗೆ ತಲೆಗೆ ತಿಂಗಳಿಗೆ 15 ಡಾಲರ್, ಸಂಖ್ಯೆ ಏರಿದಂತೆ ತಲೆದರ ಇಳಿಯುತ್ತದೆ. 160 ಜನಕ್ಕೆ ವರ್ಷಕ್ಕೆ 28,800 ಡಾಲರ್, ಅಂದರೆ ಹಳೆಯ ಲೆಕ್ಕದ ಹನ್ನೆರಡು ಪಟ್ಟು. ಜಾವಾ ಒಂದೇ ಯಂತ್ರದಲ್ಲಿದ್ದರೂ ಅಷ್ಟೇ, ನೂರರಲ್ಲಿದ್ದರೂ ಅಷ್ಟೇ. ಕಂಪ್ಯೂಟರ್ ಮುಟ್ಟದ ಕಾವಲುಗಾರರೂ ಎಣಿಕೆಗೆ ಬರುತ್ತಾರೆ. ಅರೆಕಾಲಿಕರು, ತಾತ್ಕಾಲಿಕರು ಮಾತ್ರವಲ್ಲ, ಸಂಸ್ಥೆಯ ಆಂತರಿಕ ಕೆಲಸಕ್ಕೆ ನೆರವಾಗುವ ಗುತ್ತಿಗೆದಾರರ ಜನರೂ ನೌಕರರ ವ್ಯಾಖ್ಯೆಯೊಳಗೆ ಬರುತ್ತಾರೆ. ಆ ವ್ಯಾಖ್ಯೆಯನ್ನು ಓದಿದರೆ ಮಲಪ್ರಭಾ ಅವರ 14 ಜನರೂ ಒಕ್ಕೂಟದ ಲೆಕ್ಕದೊಳಗೆ ಸೇರಿಬಿಡಬಹುದು ಎಂಬ ಅನುಮಾನ ನನಗಿದೆ.

ಇದರಲ್ಲಿ ಕಳ್ಳತನವೇನಿಲ್ಲ, ತಮ್ಮ ಸರಕಿಗೆ ಬೆಲೆ ಕಟ್ಟುವುದು ಅವರ ಹಕ್ಕು. ಆದರೆ ಆ ಬೆಲೆಯ ಸರಕು ನಿಮಗೆ ಬೇಕೇ ಎಂದು ತೀರ್ಮಾನಿಸಬೇಕಾದದ್ದು ನೀವು, ಇನ್‌ಸ್ಟಾಲರ್ ತೀರ್ಮಾನಿಸಬಾರದು.

ಮಲಪ್ರಭಾ

ಎಲ್ಲರಿಗೂ ಧನ್ಯವಾದ. ಎರಡು ದಿನ ಕೂತು, ಫೋನ್ ಮಾಡಿ, ದೂರದಿಂದ ಯಂತ್ರಗಳನ್ನು ನೋಡಿ ಪಟ್ಟಿ ಮಾಡಿಸಿದೆ. ಬಂದ ಫಲಿತಾಂಶ ನೋಡಿ ನಾಚಿಕೆಯಾಯಿತು, ಆದರೂ ಇಲ್ಲಿ ಬಚ್ಚಿಡುವುದಿಲ್ಲ.

ಹೆಚ್ಚಿನ ಸಂಘಗಳಲ್ಲಿ ನಾವೇ ಕೊಟ್ಟ ಅಪ್‌ಡೇಟ್ 202 ಇದೆ. ಒಂದು ಸಂಘದಲ್ಲಿ ಅದಕ್ಕಿಂತ ಹಳೆಯದಾದ 151 ಇದೆ, ಅಲ್ಲಿಗೆ ವರ್ಷಗಟ್ಟಲೆ ಯಾರೂ ಹೋಗಿಯೇ ಇಲ್ಲ. 2021ರಲ್ಲಿ ಒಬ್ಬರು ಇನ್‌ಸ್ಟಾಲರ್ ತಯಾರಿಸುವಾಗ "ಹೊಸದಿರಲಿ" ಎಂದು ಒರಾಕಲ್ ತಾಣದಲ್ಲಿ ಕಚೇರಿಯ ಇಮೇಲ್‌ನಿಂದಲೇ ಖಾತೆ ತೆರೆದು ಅಪ್‌ಡೇಟ್ 281 ಇಳಿಸಿಕೊಂಡು ಸೇರಿಸಿದ್ದಾರೆ. ಅದು ಆರು ಸಂಘಗಳಿಗೆ ಹೋಗಿದೆ. ನಮ್ಮ ಸ್ವಂತ ಪರೀಕ್ಷಾ ಸರ್ವರ್‌ನಲ್ಲಿ ಉಬುಂಟುವಿನ ಓಪನ್‌ಜೆಡಿಕೆ ಇದೆ. ತಮಾಷೆಯೆಂದರೆ ನಾವು ಪರೀಕ್ಷಿಸುತ್ತಿದ್ದುದು ಒಂದನ್ನು, ಕೊಡುತ್ತಿದ್ದುದು ಇನ್ನೊಂದನ್ನು.

ಈಗ ನನ್ನ ಚಿಂತೆ ಆ ಆರು ಸಂಘಗಳದ್ದು. ಮತ್ತೆ, ಇನ್‌ಸ್ಟಾಲರ್‌ನಲ್ಲಿ ಸೇರಿಸಿ ಕೊಡುವುದಕ್ಕೆ ಬೇರೆ ನಿಯಮವಿದೆಯೇ?

ಕಡತದ ಕೋಣೆ

ಒಪ್ಪಂದಗಳ ಕಾಗದ ಓದುವುದೇ ನನ್ನ ಕೆಲಸ. ಆದರೂ ಇಲ್ಲಿ ಬರೆಯುವುದು ವಕೀಲರ ಸಲಹೆಗೆ ಬದಲಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಎರಡನೇ ಪ್ರಶ್ನೆಯೇ ಮುಖ್ಯವಾದದ್ದು, ಇಲ್ಲಿಯವರೆಗೆ ಯಾರೂ ಅದನ್ನು ಎತ್ತಿರಲಿಲ್ಲ. ಬಳಸುವ ಅನುಮತಿ ಬೇರೆ, ಹಂಚುವ ಅನುಮತಿ ಬೇರೆ. ಬಿಸಿಎಲ್‌ನಲ್ಲಿ, ಜಾವಾವನ್ನು ಮಾರ್ಪಡಿಸದೆ ಇಡಿಯಾಗಿ ನಿಮ್ಮ ತಂತ್ರಾಂಶದ ಭಾಗವಾಗಿ ಕೊಡಲು ಕೆಲವು ಷರತ್ತುಗಳೊಂದಿಗೆ ಅವಕಾಶವಿತ್ತು, ಆದ್ದರಿಂದ 202ರವರೆಗಿನ ನಿಮ್ಮ ರೂಢಿಗೆ ಒಂದು ಆಧಾರವಿತ್ತು. ಓಟಿಎನ್‌ನಲ್ಲಿ ಆ ಬಾಗಿಲು ಮುಚ್ಚಿದೆ. 281 ಅನ್ನು ಇನ್‌ಸ್ಟಾಲರ್‌ಗೆ ಸೇರಿಸಿದ್ದು ಎರಡು ಬಗೆಯಲ್ಲಿ ತೊಡಕು: ಸಂಘಗಳು ಚಂದಾ ಇಲ್ಲದೆ ಬಳಸಿದಂತಾಯಿತು, ನೀವು ಹಂಚುವ ಹಕ್ಕಿಲ್ಲದೆ ಹಂಚಿದಂತಾಯಿತು. ಈಗಲೇ ತೆಗೆದುಹಾಕಿ. ತೆಗೆದ ದಿನಾಂಕ, ಯಂತ್ರ, ಬದಲಿಗೆ ಹಾಕಿದ್ದೇನು ಎಂಬುದನ್ನು ಬರೆದಿಡಿ. ಹಿಂದಿನ ವರ್ಷಗಳ ಬಳಕೆಯ ವಿಷಯವನ್ನು ಮಾತ್ರ ವಕೀಲರ ಎದುರು ಕೂತೇ ಮಾತಾಡಿ, ಇಲ್ಲಿ ಬೇಡ.

"ಹಾಗಾದರೆ ಒರಾಕಲ್‌ನ 21 ಉಚಿತವಲ್ಲವೇ, ಅದನ್ನು ಸೇರಿಸೋಣ" ಎಂದು ಯಾರಾದರೂ ಹೇಳುವ ಮೊದಲೇ ಒಂದು ಮಾತು. ಎನ್‌ಎಫ್‌ಟಿಸಿ ಹಂಚಿಕೆಗೆ ಅವಕಾಶ ಕೊಡುತ್ತದೆ, ಆದರೆ ಹಂಚುವವರು ಅದಕ್ಕೆ ಹಣ ಪಡೆಯಬಾರದು. ಜಾವಾವನ್ನು ಒಳಗೊಂಡ ಸರಕಿಗೆ ಪಡೆಯುವ ಶುಲ್ಕವೂ ಆ ನಿಷೇಧದೊಳಗೆ ಬರುತ್ತದೆ ಎಂದು ಅದರಲ್ಲಿ ಬಿಡಿಸಿ ಬರೆದಿದ್ದಾರೆ. ತಂತ್ರಾಂಶವನ್ನು ಮಾರುವ ನಿಮಗೆ ಅದು ಹೊಂದುವುದಿಲ್ಲ.

ಉಳಿಯುವುದು ಓಪನ್‌ಜೆಡಿಕೆ ಬಿಲ್ಡ್‌ಗಳು. ಜಿಪಿಎಲ್ ಎಂದೊಡನೆ "ನಮ್ಮ ಕೋಡನ್ನೂ ಬಯಲಿಗಿಡಬೇಕಾಗುತ್ತದೆ" ಎಂದು ಹೆದರುವವರಿದ್ದಾರೆ. ಕ್ಲಾಸ್‌ಪಾತ್ ವಿನಾಯಿತಿ ಇರುವುದೇ ಆ ಭಯ ನೀಗಲು: ಜಾವಾದ ಗ್ರಂಥಾಲಯಗಳೊಂದಿಗೆ (ಸಿದ್ಧ ಕೋಡಿನ ಸಂಗ್ರಹಗಳೊಂದಿಗೆ) ಬೆಸೆದ ನಿಮ್ಮ ಸ್ವಂತ ಕೋಡಿಗೆ ಜಿಪಿಎಲ್ ಅಂಟುವುದಿಲ್ಲ. ಜಾವಾದ ಭಾಗಕ್ಕೆ ಮಾತ್ರ ಜಿಪಿಎಲ್‌ನ ಹೊಣೆಗಳು ಇದ್ದೇ ಇವೆ. ಪರವಾನಗಿಯ ಪಠ್ಯಗಳಿರುವ ಕಡತಗಳನ್ನು ಅಳಿಸಬೇಡಿ, ಮೂಲ ಸಂಕೇತ ಕೇಳಿದವರಿಗೆ ಅದೇ ಆವೃತ್ತಿಯದ್ದು ಸಿಗುವಂತೆ ನೋಡಿಕೊಳ್ಳಿ. ಇನ್‌ಸ್ಟಾಲರ್‌ನ ಗಾತ್ರ ಇಳಿಸಲು "ಲೀಗಲ್" ಎಂಬ ಕಡತಕೋಶವನ್ನೇ ಕಿತ್ತುಹಾಕಿದವರನ್ನು ನಾನು ನೋಡಿದ್ದೇನೆ.

ಇದ್ದದ್ದು ಇರಲಿ

ಎಲ್ಲರೂ ಇಷ್ಟು ಗಾಬರಿಯಾಗುವುದೇಕೆ ಎಂದು ನನಗೆ ಅರ್ಥವಾಗುತ್ತಿಲ್ಲ. 281 ತೆಗೆದು ಎಲ್ಲೆಡೆ 202 ಹಾಕಿದರೆ ಪರವಾನಗಿಯ ಸಮಸ್ಯೆಯೇ ಮುಗಿಯಿತಲ್ಲ? ಸಂಘದ ಕಂಪ್ಯೂಟರ್‌ಗಳು ಹೆಚ್ಚಾಗಿ ಹೊರಗಿನ ಜಾಲಕ್ಕೆ ತೆರೆದುಕೊಂಡಿರುವುದಿಲ್ಲ. ಓಡುತ್ತಿರುವ ಗಾಡಿಯ ಎಂಜಿನ್ ಬಿಚ್ಚುವುದು ಜಾಣತನವಲ್ಲ. ಹೊಸದೆಂದರೆ ಸುರಕ್ಷಿತ ಎಂಬುದೂ ಸುಳ್ಳು. 2022ರ ಏಪ್ರಿಲ್‌ನಲ್ಲಿ ಬಯಲಾದ ಸಹಿ ಪರಿಶೀಲನೆಯ ದೋಷವನ್ನು ನೆನಪಿಸಿಕೊಳ್ಳಿ. ಬರಿ ಸೊನ್ನೆಗಳಿಂದ ಕೂಡಿದ ಡಿಜಿಟಲ್ ಸಹಿಯನ್ನೂ ಜಾವಾ ಸರಿಯೆಂದು ಒಪ್ಪುತ್ತಿತ್ತು, ಅದಿದ್ದದ್ದು 15ರಿಂದ 18ರವರೆಗಿನ ಹೊಸ ಆವೃತ್ತಿಗಳಲ್ಲಿ. ನಮ್ಮ ಹಳೆಯ 8ರಲ್ಲಿ ಇರಲಿಲ್ಲ.

ಸರ್ವರ್ ಕಾವಲು

ಇದ್ದದ್ದು ಇರಲಿ ಅವರು ಹೇಳಿದ ದೋಷದ ಸಂಗತಿ ನಿಜ, ಅದಕ್ಕೆ ತಲೆಬಾಗುತ್ತೇನೆ. ಆ ಭಾಗವನ್ನು 15ರಲ್ಲಿ ಸಿ ಪ್ಲಸ್ ಪ್ಲಸ್‌ನಿಂದ ಜಾವಾಕ್ಕೆ ತಿರುಗಿ ಬರೆಯುವಾಗ ಒಂದು ಪರಿಶೀಲನೆ ಬಿಟ್ಟುಹೋಯಿತು. ಆದರೆ ಅದೇ ಏಪ್ರಿಲ್‌ನ 17.0.3ರಲ್ಲಿ ಅದು ಸರಿಯಾಯಿತು. ಅಪ್‌ಡೇಟ್ ಪಡೆಯುತ್ತಿದ್ದವರಿಗೆ ಪರಿಹಾರ ಆಗಲೇ ತಲುಪಿತು. ನೀವು 202ರಲ್ಲಿ ನಿಂತರೆ ಅಂಥ ದಾರಿಯೇ ಇರುವುದಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ವರ್ಷಕ್ಕೆ ನಾಲ್ಕು ಬಾರಿ ಭದ್ರತಾ ಅಪ್‌ಡೇಟ್ ಬರುತ್ತದೆ. 2019ರ ಜನವರಿಯಿಂದ ಎಷ್ಟನ್ನು ಕಳೆದುಕೊಂಡಿರಿ ಎಂದು ನೀವೇ ಎಣಿಸಿ.

ಮಲಪ್ರಭಾ ಅವರ ಆ 151ರ ಯಂತ್ರದ ಬಗ್ಗೆ ಹೇಳಲೇಬೇಕು. 2021ರ ಡಿಸೆಂಬರ್‌ನಲ್ಲಿ ಜಾವಾ ತಂತ್ರಾಂಶಗಳು ತಮ್ಮ ಕೆಲಸದ ದಾಖಲೆ ಬರೆಯಲು ಬಳಸುವ ಲಾಗ್‌ಫೋರ್‌ಜೆ ಗ್ರಂಥಾಲಯದ ದೋಷ ಬಂದಾಗ ದಾಳಿಕೋರರ ಸುಲಭದ ದಾರಿಯೆಂದರೆ ಎಲ್‌ಡಾಪ್ ಎಂಬ, ವಿಳಾಸಕೋಶ ಹುಡುಕುವ ಜಾಲವಿಧಾನದ ಮೂಲಕ ಹೊರಗಿನ ಕೋಡನ್ನು ಎಳೆದು ಓಡಿಸುವುದು. ಜಾವಾ 8ರಲ್ಲಿ ಆ ದಾರಿಯನ್ನು ತಾನಾಗಿಯೇ ಮುಚ್ಚಿದ್ದು 2018ರ ಅಕ್ಟೋಬರ್‌ನ ಅಪ್‌ಡೇಟ್ 191. ಅದರ ಹಿಂದಿನವರು ಬಾಗಿಲು ತೆರೆದೇ ಇಟ್ಟಿದ್ದರು. 191ರ ನಂತರವೂ ಬೇರೆ ದಾರಿಗಳು ಉಳಿದಿದ್ದವು, ನಿಜವಾದ ಪರಿಹಾರ ಲಾಗ್‌ಫೋರ್‌ಜೆಯನ್ನೇ ಬದಲಿಸುವುದಾಗಿತ್ತು, ಅದು ಬೇರೆ ಮಾತು. ಆ ಸಂಘದಲ್ಲಿ ಯಾವ ಲಾಗ್‌ಫೋರ್‌ಜೆ ಇದೆ ಎಂದು ಇವತ್ತೇ ನೋಡಿ.

ಇನ್ನು ಯಾವ ಬಿಲ್ಡ್ ಎಂಬ ಪ್ರಶ್ನೆ. ಎಕ್ಲಿಪ್ಸ್ ಪ್ರತಿಷ್ಠಾನದ ಅಡಿಯಲ್ಲಿ ಅಡಾಪ್ಟಿಯಮ್ ಯೋಜನೆ ಹೊರತರುವ ಟೆಮುರಿನ್, ಅಮೆಜಾನ್‌ನ ಕೊರೆಟ್ಟೊ, ಅಜುಲ್‌ನ ಜುಲು, ಮೈಕ್ರೋಸಾಫ್ಟ್‌ನ ಬಿಲ್ಡ್, ರೆಡ್ ಹ್ಯಾಟ್‌ನದು, ಬೆಲ್‌ಸಾಫ್ಟ್‌ನ ಲಿಬೆರಿಕಾ ಎಲ್ಲವೂ ಒಂದೇ ಓಪನ್‌ಜೆಡಿಕೆ ಮೂಲದಿಂದ ಹುಟ್ಟಿದವು. 8 ಮತ್ತು 11ರ ಅಪ್‌ಡೇಟ್ ಸಾಲುಗಳ ಮುಂದಾಳತ್ವವನ್ನು 2019ರಲ್ಲಿ ರೆಡ್ ಹ್ಯಾಟ್‌ನ ಎಂಜಿನಿಯರ್‌ಗಳು ವಹಿಸಿಕೊಂಡರು, ಆದ್ದರಿಂದ "ಒರಾಕಲ್ ನಿಲ್ಲಿಸಿದ ಮೇಲೆ 8 ಅನಾಥ" ಎಂಬುದು ತಪ್ಪು. ಒಂದು ಎಚ್ಚರಿಕೆ: ಒರಾಕಲ್ ಕೂಡ ಜಿಪಿಎಲ್ ಅಡಿಯ ಓಪನ್‌ಜೆಡಿಕೆ ಬಿಲ್ಡ್‌ಗಳನ್ನು ಪ್ರತ್ಯೇಕವಾಗಿ ಕೊಡುತ್ತದೆ. ಅವಕ್ಕೆ ಪರವಾನಗಿಯ ತೊಡಕಿಲ್ಲ, ಆದರೆ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಂದಾಗ ಹಳೆಯದರ ಅಪ್‌ಡೇಟ್ ನಿಂತುಬಿಡುತ್ತದೆ. ಸಂಘಗಳಿಗೆ ಅದು ಆಗಿಬರುವುದಿಲ್ಲ.

ಹಳೆಯ ಕೋಡು

ಕೌಂಟರ್‌ಗಳಲ್ಲಿ 32 ಬಿಟ್ ವಿಂಡೋಸ್ ಎಷ್ಟಿವೆ ಎಂದು ಮೊದಲು ನೋಡಿಕೊಳ್ಳಿ ಮಲಪ್ರಭಾ ಅವರೇ. ಸಂಘಗಳಲ್ಲಿ ಹಳೆಯ ಯಂತ್ರಗಳು ಇದ್ದೇ ಇರುತ್ತವೆ. 32 ಬಿಟ್ ವಿಂಡೋಸ್‌ನ ಬೆಂಬಲವನ್ನು ಓಪನ್‌ಜೆಡಿಕೆಯ ಮೂಲದಿಂದ 24ರಲ್ಲಿ ತೆಗೆದೇಬಿಟ್ಟರು, 21ರಲ್ಲೇ ಅದಕ್ಕೆ ವಿದಾಯದ ಸೂಚನೆ ಕೊಟ್ಟಿದ್ದರು. ಅಂಥ ಯಂತ್ರಗಳಿಗೆ ಟೆಮುರಿನ್‌ನ 8 ಸಾಕು, ಉಳಿದವನ್ನು ನಿಧಾನವಾಗಿ 21ಕ್ಕೆ ಒಯ್ಯಿರಿ.

ಇನ್‌ಸ್ಟಾಲರ್‌ಗೆ ಬೇಕಾದ ಸಾಧನ ಈಗ ಜಾವಾದಲ್ಲೇ ಇದೆ. 9ರಿಂದ ಬಂದ ಜೆಲಿಂಕ್ ಬಳಸಿ ನಿಮಗೆ ಬೇಕಾದ ಮಾಡ್ಯೂಲ್‌ಗಳಷ್ಟನ್ನೇ ಇಟ್ಟುಕೊಂಡ ಚಿಕ್ಕ ರನ್‌ಟೈಮ್ (ಪ್ರೋಗ್ರಾಂ ಓಡಿಸುವ ಭಾಗ) ಮಾಡಬಹುದು, 16ರಲ್ಲಿ ಸ್ಥಿರವಾದ ಜೆಪ್ಯಾಕೇಜ್ ಅದನ್ನು ವಿಂಡೋಸ್ ಇನ್‌ಸ್ಟಾಲರ್ ಆಗಿ ಕಟ್ಟಿಕೊಡುತ್ತದೆ. ಯಂತ್ರದಲ್ಲಿ ಬೇರೆ ಯಾವ ಜಾವಾ ಇದ್ದರೂ ನಿಮ್ಮ ತಂತ್ರಾಂಶ ತನ್ನದನ್ನೇ ಬಳಸುತ್ತದೆ. ಪ್ರಶ್ನಾವಳಿಗೆ ಉತ್ತರಿಸುವಾಗ ಈ ಪ್ರತ್ಯೇಕತೆ ಬಹಳ ನೆರವಾಗುತ್ತದೆ.

ಸರ್ವರ್ ಕಾವಲು

ಬದಲಾಯಿಸುವಾಗ ನಾವು ಎಡವಿದ ಜಾಗಗಳನ್ನು ಹೇಳಿಬಿಡುತ್ತೇನೆ, ನಿಮಗಾದರೂ ರಾತ್ರಿ ನಿದ್ದೆ ಉಳಿಯಲಿ.

ಮೊದಲ ಪೆಟ್ಟು ಡೇಟಾಬೇಸ್‌ನಿಂದ. 2021ರ ಏಪ್ರಿಲ್‌ನ ಅಪ್‌ಡೇಟ್‌ಗಳಿಂದ ಜಾಲದ ಸಂಪರ್ಕವನ್ನು ಗೂಢಲಿಪಿಗೊಳಿಸುವ ಟಿಎಲ್‌ಎಸ್‌ನ ಹಳೆಯ ಆವೃತ್ತಿಗಳಾದ 1.0 ಮತ್ತು 1.1 ತಾನಾಗಿಯೇ ನಿಷ್ಕ್ರಿಯವಾಗಿವೆ. 202ರಿಂದ ನೇರವಾಗಿ ಇಂದಿನ 8ಕ್ಕೆ ಜಿಗಿದರೆ, ಹಳೆಯ ಟಿಎಲ್‌ಎಸ್ ಮಾತ್ರ ಬಲ್ಲ ಡೇಟಾಬೇಸ್ ಸರ್ವರ್‌ನ ಸಂಪರ್ಕ ಕಡಿದುಹೋಗುತ್ತದೆ. ಭದ್ರತಾ ಸಂಯೋಜನೆಯ ಕಡತದಲ್ಲಿ ಅದನ್ನು ಮತ್ತೆ ತೆರೆಯಬಹುದು, ಆದರೆ ಅದು ಬಿದ್ದ ಗೋಡೆಗೆ ಕೊಟ್ಟ ಊರುಗೋಲು. ಡೇಟಾಬೇಸ್ ಅನ್ನೇ ನವೀಕರಿಸಿ.

ಎರಡನೆಯದು ಅಕ್ಷರಶೈಲಿ. ಒರಾಕಲ್‌ನ 8ರೊಂದಿಗೆ ಲುಸಿಡಾ ಅಕ್ಷರಗಳು ಬರುತ್ತಿದ್ದವು, ಓಪನ್‌ಜೆಡಿಕೆಯೊಂದಿಗೆ ಬರುವುದಿಲ್ಲ. ಕನಿಷ್ಠ ಸೌಕರ್ಯದ ಲಿನಕ್ಸ್ ಸರ್ವರ್‌ನಲ್ಲಿ ಅಕ್ಷರಶೈಲಿ ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಕೂಡ ಇಲ್ಲದಿದ್ದರೆ ಜ್ಯಾಸ್ಪರ್ ಎಂಬ ಸಾಧನದಿಂದ ವರದಿ ತೆಗೆಯುವ ಹೊತ್ತಿಗೆ ಅರ್ಥವಾಗದ ದೋಷ ಬಂದು ನಿಲ್ಲುತ್ತದೆ. ಫಾಂಟ್‌ಕಾನ್ಫಿಗ್ ಹಾಕಿ, ನೋಟೋ ಸಾನ್ಸ್ ಕನ್ನಡದಂತಹ ಮುಕ್ತ ಪರವಾನಗಿಯ ಅಕ್ಷರಶೈಲಿಯನ್ನು ನೀವೇ ಜೊತೆಗೆ ಕೊಡಿ. ಅಂದಹಾಗೆ ನಿಮ್ಮ ಪ್ರಶ್ನಾವಳಿಯಲ್ಲಿ ಅಕ್ಷರಶೈಲಿಯೂ ಒಂದು ಸಾಲಾಗಬೇಕು, ಅದಕ್ಕೂ ಪರವಾನಗಿ ಇರುತ್ತದೆ.

ಮೂರನೆಯದು ಚಿಕ್ಕದು. ಒರಾಕಲ್ 8ರಲ್ಲಿ, ಓಡುವ ಪ್ರೋಗ್ರಾಂನ ಒಳನಡೆಯನ್ನು ದಾಖಲಿಸುವ ಫ್ಲೈಟ್ ರೆಕಾರ್ಡರ್ ಹಣ ಕೊಡಬೇಕಾದ ಸೌಲಭ್ಯವಾಗಿತ್ತು, ಅದನ್ನು ತೆರೆಯುವ ಸ್ವಿಚ್ ನಿಮ್ಮ ಸ್ಟಾರ್ಟ್ ಸ್ಕ್ರಿಪ್ಟ್‌ನಲ್ಲಿ ಎಲ್ಲಾದರೂ ಉಳಿದಿದ್ದರೆ ಓಪನ್‌ಜೆಡಿಕೆ 8 ಆ ಸ್ವಿಚ್ ಗೊತ್ತಿಲ್ಲ ಎಂದು ಏಳುವುದೇ ಇಲ್ಲ. ಫ್ಲೈಟ್ ರೆಕಾರ್ಡರ್ ಈಗ ಮುಕ್ತವಾಗಿದೆ, ಸ್ವಿಚ್ ಬೇಕಿಲ್ಲ, ಅಳಿಸಿಬಿಡಿ.

ನುಡಿಕಣಜ

ಸರ್ವರ್ ಕಾವಲು ಅವರು ಒಂದನ್ನು ಬಿಟ್ಟರು, ಕನ್ನಡದ ತಂತ್ರಾಂಶ ಮಾಡುವವರಿಗೆ ಅದೇ ದೊಡ್ಡದು. ಜಾವಾ 18ರಿಂದ ಪಠ್ಯ ಓದುವ, ಬರೆಯುವ ಪೂರ್ವನಿಯೋಜಿತ ಸಂಕೇತಪದ್ಧತಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ನಿಯಮ) ಯೂನಿಕೋಡ್‌ನ ಯುಟಿಎಫ್ 8. ಅದಕ್ಕೂ ಮೊದಲು ಜಾವಾ ಅದನ್ನು ಆಪರೇಟಿಂಗ್ ಸಿಸ್ಟಂನಿಂದ ಕೇಳಿ ತಿಳಿಯುತ್ತಿತ್ತು, ನಮ್ಮಲ್ಲಿನ ಇಂಗ್ಲಿಷ್ ವಿಂಡೋಸ್‌ನಲ್ಲಿ ಸಿಗುತ್ತಿದ್ದುದು ಕನ್ನಡವಿಲ್ಲದ ಲ್ಯಾಟಿನ್ ಪದ್ಧತಿ ವಿಂಡೋಸ್ 1252. ಸಂಕೇತಪದ್ಧತಿ ಹೇಳದೆ ಕಡತಕ್ಕೆ ಬರೆದ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗುತ್ತಿದ್ದ ಕಾಲ ನಮ್ಮಲ್ಲಿ ಹಲವರಿಗೆ ನೆನಪಿರಬೇಕು. ಯೂನಿಕೋಡ್ ಕನ್ನಡದ ಮಟ್ಟಿಗೆ ಹೊಸ ನಿಯಮ ವರವೇ.

ಆದರೆ ಸಂಘಗಳಲ್ಲಿ ಹತ್ತು ಹದಿನೈದು ವರ್ಷದ ಹೆಸರುಗಳ ಪಟ್ಟಿ ಯೂನಿಕೋಡ್‌ನಲ್ಲಿ ಇರುವುದಿಲ್ಲ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ) ಅಕ್ಷರಶೈಲಿಯಲ್ಲಿರುತ್ತದೆ. ಆ ಪದ್ಧತಿಯಲ್ಲಿ ಗುಣಿತ ಚಿಹ್ನೆಗಳೂ ಒತ್ತುಗಳೂ ಕೂತಿರುವುದು ಲ್ಯಾಟಿನ್‌ನ ಮೇಲರ್ಧದ ಜಾಗಗಳಲ್ಲಿ, ಒಂದೊಂದಕ್ಕೆ ಒಂದೊಂದು ಬೈಟ್. ಹಳೆಯ ಜಾವಾ ಅದನ್ನು 1252 ಎಂದು ಓದಿ, 1252 ಎಂದೇ ಬರೆದು, ಏನೂ ಕೆಡಿಸದೆ ಸಾಗಿಸುತ್ತಿತ್ತು. ಅದೇ ಕಡತವನ್ನು ಜಾವಾ 21 ಯುಟಿಎಫ್ 8 ಎಂದು ಓದಲು ಹೋದರೆ ಆ ಬೈಟ್‌ಗಳು ಅಸಿಂಧು ಎನಿಸಿ ಅವುಗಳ ಜಾಗದಲ್ಲಿ ಬದಲಿ ಚಿಹ್ನೆ ಕೂರುತ್ತದೆ. ಆ ಸ್ಥಿತಿಯಲ್ಲಿ ಕಡತವನ್ನು ಮತ್ತೆ ಉಳಿಸಿದರೆ ಮೂಲ ಹೆಸರು ಹೋದಂತೆಯೇ, ಹಿಂದಕ್ಕೆ ತರಲು ಸಾಧ್ಯವಿಲ್ಲ. ಯಾವ ದೋಷಸಂದೇಶವೂ ಬರುವುದಿಲ್ಲ ಎಂಬುದೇ ಇಲ್ಲಿನ ಅಪಾಯ.

ತಕ್ಷಣದ ಉಪಾಯವೆಂದರೆ ಫೈಲ್ ಎನ್‌ಕೋಡಿಂಗ್‌ನ ಸಂಯೋಜನೆಗೆ "ಕಂಪ್ಯಾಟ್" ಎಂಬ ಬೆಲೆ ಕೊಟ್ಟು ಹಳೆಯ ನಡೆಯನ್ನು ಉಳಿಸಿಕೊಳ್ಳುವುದು. ಸರಿಯಾದ ದಾರಿಯೆಂದರೆ ಕೋಡಿನಲ್ಲಿ ಕಡತ ತೆರೆಯುವ ಪ್ರತಿ ಜಾಗದಲ್ಲೂ ಸಂಕೇತಪದ್ಧತಿಯನ್ನು ಹೆಸರಿಸಿ, ಹಳೆಯ ದತ್ತಾಂಶವನ್ನು ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತಿತ ಪಟ್ಟಿಯನ್ನು ಸಂಘದ ಗುಮಾಸ್ತರಿಂದ ಓದಿಸುವುದು. ಅರ್ಕಾವತ್ತು ಬರುವ ಹೆಸರುಗಳನ್ನು ಮೊದಲು ನೋಡಲು ಹೇಳಿ. ಆಸ್ಕಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು, ಅವಸರದಲ್ಲಿ ಬರೆದ ಪರಿವರ್ತಕಗಳು ಎಡವುವುದು ಅಲ್ಲೇ.

ಇದ್ದದ್ದು ಇರಲಿ

ನುಡಿಕಣಜ ಅವರ ಮಾತು ಓದಿದ ಮೇಲೆ ನನ್ನ ಹೆಸರೇ ನನ್ನ ವಾದ ಎನಿಸುತ್ತಿದೆ. ಆದರೂ ಒಂದು ಭಾಗ ಒಪ್ಪುತ್ತೇನೆ: 202ರ ಬದಲು ಟೆಮುರಿನ್ 8ರ ಇಂದಿನ ಅಪ್‌ಡೇಟ್ ಹಾಕಿದರೆ ಪರವಾನಗಿಯೂ ಸರಿ, ಭದ್ರತೆಯೂ ಸರಿ, ಸಂಕೇತಪದ್ಧತಿಯೂ ಹಳೆಯದೇ. 21ಕ್ಕೆ ಹೋಗುವುದನ್ನು ದತ್ತಾಂಶ ಪರಿವರ್ತನೆಯಾದ ಮೇಲೆ ಇಟ್ಟುಕೊಳ್ಳಬಹುದಲ್ಲವೇ?

ನುಡಿಕಣಜ

ಹಾಗೇ ಮಾಡಬೇಕು. ಎರಡನ್ನೂ ಒಂದೇ ದಿನ ಮಾಡಿದರೆ ಯಾವುದು ಕೆಟ್ಟಿತು ಎಂಬುದೇ ತಿಳಿಯುವುದಿಲ್ಲ.

ಮಲಪ್ರಭಾ

ಬೆಂಬಲದ ಸಾಲಿಗೆ ಏನು ಬರೆಯಲಿ? ಟೆಮುರಿನ್‌ಗೆ ಫೋನ್ ಮಾಡಿ ಕೇಳಲು ಯಾರೂ ಇಲ್ಲವಲ್ಲ.

ಸರ್ವರ್ ಕಾವಲು

ಪರವಾನಗಿಯ ಹಣ ಉಳಿದರೆ ಬೆಂಬಲವೂ ಉಚಿತವಾಗಿ ಬರುತ್ತದೆ ಎಂದುಕೊಳ್ಳಬೇಡಿ, ಎರಡೂ ಬೇರೆ ಬೇರೆ ಸರಕುಗಳು. ಒರಾಕಲ್ ಚಂದಾದಾರರಿಗೆ ಗ್ರಾಹಕ ಗುರುತುಸಂಖ್ಯೆ ಸಿಗುತ್ತದೆ, ಅದರಿಂದ ಬೆಂಬಲ ತಾಣದಲ್ಲಿ ಟಿಕೆಟ್ (ಸಮಸ್ಯೆಯ ದೂರು) ಹಾಕಬಹುದು. ಟೆಮುರಿನ್‌ನ ಬಿಲ್ಡ್ ಅಥವಾ ಇನ್‌ಸ್ಟಾಲರ್‌ನಲ್ಲಿ ದೋಷವಿದ್ದರೆ ಅಡಾಪ್ಟಿಯಮ್‌ನ ಗಿಟ್‌ಹಬ್‌ನಲ್ಲಿ ದಾಖಲಿಸಬಹುದು. ಜಾವಾದ ಒಳಗಿನ ದೋಷವಾದರೆ ಓಪನ್‌ಜೆಡಿಕೆಯ ದೋಷಕೋಶ ಎಲ್ಲರಿಗೂ ಓದಲು ತೆರೆದಿದೆ, ಖಾತೆ ಇಲ್ಲದವರೂ ಜಾವಾ ದೋಷವರದಿಯ ಪುಟದಿಂದ ಸಲ್ಲಿಸಬಹುದು. ಇಲ್ಲಿ ಇಷ್ಟು ಗಂಟೆಯೊಳಗೆ ಉತ್ತರ ಎಂಬ ಭರವಸೆ ಮಾತ್ರ ಯಾರೂ ಕೊಡುವುದಿಲ್ಲ. ಒಕ್ಕೂಟಕ್ಕೆ ಅಂಥ ಭರವಸೆ ಬೇಕೇ ಬೇಕಾದರೆ ಅಜುಲ್, ರೆಡ್ ಹ್ಯಾಟ್, ಬೆಲ್‌ಸಾಫ್ಟ್ ಮುಂತಾದವರು ಓಪನ್‌ಜೆಡಿಕೆಗೆ ಹಣ ಪಡೆದು ಬೆಂಬಲ ಕೊಡುತ್ತಾರೆ.

ಟಿಕೆಟ್ ಬರೆಯುವುದೂ ಒಂದು ವಿದ್ಯೆ. ವರದಿ ತೆಗೆಯುವ ಒಂದು ಸಾಧನದ ಕಂಪನಿಗೆ "ಕನ್ನಡ ಸರಿಯಾಗಿ ಮುದ್ರಣವಾಗುತ್ತಿಲ್ಲ" ಎಂದು ನಾನು ಬರೆದಾಗ "ನಮ್ಮಲ್ಲಿ ಸರಿಯಿದೆ" ಎಂದು ಎರಡು ಬಾರಿ ಮುಚ್ಚಿದರು. ಮೂರನೇ ಬಾರಿ 20 ಸಾಲಿನ ಪ್ರೋಗ್ರಾಂ, ಅದರಲ್ಲಿ "ಕೃಷ್ಣ" ಎಂಬ ಒಂದೇ ಪದ, ಬರಬೇಕಾದ ರೂಪ ಮತ್ತು ಬಂದ ರೂಪದ ಚಿತ್ರಗಳು, ಜಾವಾದ ಪೂರ್ಣ ಆವೃತ್ತಿ, ಅಕ್ಷರಶೈಲಿಯ ಹೆಸರು ಇಷ್ಟನ್ನು ಇಟ್ಟು ಕಳಿಸಿದೆ. ಆಗ ದೋಷವೆಂದು ಒಪ್ಪಿಕೊಂಡರು. ಕನ್ನಡ ಬಾರದ ಎಂಜಿನಿಯರ್‌ಗೆ ಯಾವುದು ತಪ್ಪು ಎಂದು ಕಣ್ಣಿಗೆ ಕಾಣಿಸಬೇಕಾದದ್ದು ನಾವೇ.

ಒಂದೇ ಒಂದು ಮಾತು ಮರೆಯಬೇಡಿ: ಸರ್ವರ್ ಕುಸಿದಾಗ ಬೆಂಬಲದವರು ಹೀಪ್ ಡಂಪ್ (ಪ್ರೋಗ್ರಾಂನ ಮೆಮೊರಿಯ ನಕಲು) ಕೇಳಿದರೆ ಹಾಗೆಯೇ ಕಳಿಸಬೇಡಿ. ಆ ಕ್ಷಣ ಮೆಮೊರಿಯಲ್ಲಿದ್ದ ಸದಸ್ಯರ ಹೆಸರು, ಆಧಾರ್, ಪಾನ್, ಠೇವಣಿ ಎಲ್ಲವೂ ಅದರೊಳಗಿರುತ್ತದೆ. ಸುಳ್ಳು ದತ್ತಾಂಶವಿರುವ ಪರೀಕ್ಷಾ ಸರ್ವರ್‌ನಲ್ಲಿ ಅದೇ ದೋಷವನ್ನು ಮರುಕಳಿಸಿ, ಅಲ್ಲಿನದನ್ನು ಕಳಿಸಿ.

ಮಲಪ್ರಭಾ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಆರು ಸಂಘಗಳಿಂದ 281 ತೆಗೆದು ಟೆಮುರಿನ್ 8 ಹಾಕಿ ದಿನಾಂಕಸಹಿತ ಬರೆದಿಟ್ಟೆವು. ಹಿಂದಿನ ಬಳಕೆಯ ಬಗ್ಗೆ ವಕೀಲರನ್ನು ಕಂಡೆವು. 151 ಇದ್ದ ಸಂಘಕ್ಕೆ ನಾನೇ ಹೋಗಿ ಬಂದೆ. ಲಾಗ್‌ಫೋರ್‌ಜೆ ಅಲ್ಲಿ ಒಂದನೇ ಸರಣಿಯದ್ದಿತ್ತು, ಆದ್ದರಿಂದ ಆ ದೋಷ ನೇರವಾಗಿ ತಟ್ಟುತ್ತಿರಲಿಲ್ಲ, ಆದರೆ ಆ ಸರಣಿಯ ಬೆಂಬಲ 2015ರಲ್ಲೇ ಮುಗಿದಿದೆ ಎಂದು ತಿಳಿದು ಅದನ್ನೂ ಬದಲಿಸಿದೆವು. ಎರಡು ಕಡೆ ಡೇಟಾಬೇಸ್ ಸಂಪರ್ಕ ಸರ್ವರ್ ಕಾವಲು ಅವರು ಹೇಳಿದ ಹಾಗೆಯೇ ಕಡಿದುಹೋಯಿತು.

ಪ್ರಶ್ನಾವಳಿಯಲ್ಲಿ "ಜಾವಾ" ಎಂಬ ಒಂದು ಸಾಲಿನ ಜಾಗದಲ್ಲಿ ಈಗ ನಾಲ್ಕು ಸಾಲುಗಳಿವೆ: ಬಿಲ್ಡ್ ಮತ್ತು ಪೂರ್ಣ ಆವೃತ್ತಿ, ಪರವಾನಗಿ, ಮೂರು ತಿಂಗಳಿಗೊಮ್ಮೆ ಅಪ್‌ಡೇಟ್ ತಲುಪಿಸುವ ನಮ್ಮ ಹೊಣೆ, ಅಕ್ಷರಶೈಲಿಗಳು. ಬೆಂಬಲ ಯಾರದು ಎಂಬಲ್ಲಿ ನಮ್ಮ ಕಚೇರಿಯ ಫೋನ್ ಸಂಖ್ಯೆಯನ್ನೇ ಬರೆದೆವು. ಲೆಕ್ಕಪರಿಶೋಧಕರು ಒಂದೇ ಪ್ರಶ್ನೆ ಮರಳಿಸಿದರು: "ಅಪ್‌ಡೇಟ್ ತಲುಪಿಸಲು ಮರೆತರೆ?" ಅದಕ್ಕೆ ಒಪ್ಪಂದದಲ್ಲಿ ಒಂದು ಷರತ್ತು ಸೇರಿಸಿದ್ದೇವೆ, ಅಪ್‌ಡೇಟ್ ಹೊರಬಂದ 30 ದಿನಗಳೊಳಗೆ ಎಂದು.

ಹೆಸರುಗಳ ಪರಿವರ್ತನೆ ಒಂದು ಸಂಘದಲ್ಲಿ ಶುರುವಾಗಿದೆ. ಅಲ್ಲಿನ ಗುಮಾಸ್ತರು ಮೊದಲ ದಿನವೇ ಒಂಬತ್ತು ತಪ್ಪು ಹಿಡಿದರು, ಒಂಬತ್ತರಲ್ಲಿ ಏಳು ಅರ್ಕಾವತ್ತಿನವು.